ಮೋಟಾರು ಗಾಡಿಯ ಜ್ವರ

ಶಾಲೆಯ ಸ್ಮರಣ ಸಂಚಿಕೆಗೆ ಏನಾದರೂ ಬರೆದುಕೊಡಬೇಕೆಂದು ಅಪ್ಪಣೆಯಾದಾಗ, ಹಳೆಯ ವಿದ್ಯಾರ್ಥಿನಿಯರಾದ ನಾವಿಬ್ಬರು ಅಕ್ಕತಂಗಿಯರು ಬಹಳ ಹೊತ್ತು ಆಲೋಚಿಸಿದೆವು. ಅಡಿಗೆ, ಹೊಲಿಗೆ, ಪ್ರವಾಸ ಇವುಗಳ ವಿಷಯವಾಗಿ ನಮಗಿಂತ ಚೆನ್ನಾಗಿ ಬರೆಯಬಲ್ಲ ಸೋದರಿಯರು ಅನೇಕರಿರುವರು. ಆದಕಾರಣ ನಮ್ಮ ಹಳೆಯ ಮೋಟಾರು ಗಾಡಿಗೆ ಬಂದ ಜ್ವರವನ್ನು ಕುರಿತು ನಾಲ್ಕು ಮಾತು ಬರೆಯುವೆವು.

2023ನೆಯ ಇಸವಿಯ ಏಪ್ರಿಲ್ ತಿಂಗಳು. ನಮ್ಮ ತಾಯಿಯವರನ್ನು ವಾರಕ್ಕೆ ಎರಡಾವರ್ತಿ ಸುರತ್ಕಲ್ಲಿನಿಂದ ಮಂಗಳೂರಿನ ಆಸ್ಪತ್ರೆಗೆ ಡಯಾಲಿಸಿಸಿಗಾಗಿ ಕರೆದೊಯ್ಯುತ್ತಿದ್ದೆವು. ಅಲ್ಲಿ ಗೊತ್ತುಪಡಿಸಿದ ವೇಳೆ ತಪ್ಪಿದರೆ ಯಂತ್ರವು ಮತ್ತೊಬ್ಬ ರೋಗಿಯ ಪಾಲಾಗುವುದು. ನಮ್ಮ ಗಾಡಿಗೋ 14 ವರ್ಷ ವಯಸ್ಸು. ಪಣಂಬೂರಿನವರೆಗೆ ಹೆದ್ದಾರಿಯಲ್ಲಿ ಓಡುವಾಗ ಉಷ್ಣ ತೋರಿಸುವ ಮುಳ್ಳು ನಡುವೆ ನಿಶ್ಚಲವಾಗಿ ನಿಂತಿರುವುದು. ಕೂಳೂರು ಸೇತುವೆಯ ಬಳಿ ಲಾರಿಗಳ ಸಾಲಿನ ಹಿಂದೆ ತೆವಳತೊಡಗಿದೊಡನೆ ಏರುವುದು. ಒಂದು ದಿನ ಕೊಟ್ಟಾರ ಚೌಕಿಯಲ್ಲಿ ಮುಂಭಾಗದಿಂದ ಬುಸ್ಸೆಂದು ಹಬೆಯೇ ಎದ್ದಿತು. ಕಿರಿಯಳು ತಾಯಿಯವರನ್ನು ರಿಕ್ಷಾದಲ್ಲಿ ಕರೆದುಕೊಂಡು ಹೋದಳು. ಹಿರಿಯಳು ಇಂಜಿನು ತಣಿಯುವವರೆಗೆ ಬಿಸಿಲಿನಲ್ಲಿ ಕಾದಳು. ಕುದಿಯುವ ರೇಡಿಯೇಟರಿನ ಮುಚ್ಚಳವನ್ನು ಎಂದಿಗೂ ತಿರುಗಿಸಕೂಡದು. ಒಳಗೆ ಒತ್ತಡದಿಂದ ಹಿಡಿದಿಟ್ಟ ನೀರು ಆ ಕ್ಷಣವೇ ಹಬೆಯಾಗಿ ಮುಖಕ್ಕೆ ಚಿಮ್ಮುವುದು.

ಮುಂದಿನ ಎರಡು ಸಲ ಒಂದು ಉಪಾಯ ಹೂಡಿದೆವು. ತಂಪು ಗಾಳಿಯನ್ನು ನಿಲ್ಲಿಸಿ, ಚಳಿಗಾಲದ ಬಿಸಿ ಗಾಳಿಯನ್ನು ಪೂರ್ಣವಾಗಿ ಬಿಟ್ಟೆವು. ಇಂಜಿನಿನ ಬಿಸಿನೀರು ಒಂದು ಸಣ್ಣ ಜಾಲರಿಯ ಮೂಲಕ ಹರಿದು ತನ್ನ ಉಷ್ಣವನ್ನು ಗಾಡಿಯೊಳಕ್ಕೆ ಕೊಡುವುದರಿಂದ ಮುಳ್ಳು ಕೊಂಚ ಇಳಿಯುವುದು. ಮಂಗಳೂರಿನ ಏಪ್ರಿಲ್ ಸೆಕೆಯಲ್ಲಿ ಇದೆಂಥ ಚಿಕಿತ್ಸೆಯೆಂಬುದನ್ನು ವಾಚಕರು ಊಹಿಸಬಹುದು. "ಇದೇನು ಮಕ್ಕಳೇ, ಈ ವಯಸ್ಸಿನಲ್ಲಿ ನನ್ನನ್ನು ಬಾಣಂತಿ ಕೋಣೆಗೆ ಹಾಕಿದಿರಾ?" ಎಂದು ತಾಯಿಯವರು ಕೇಳಿದರು.

ಮೇಸ್ತ್ರಿಯೊಬ್ಬರು ಐದು ನಿಮಿಷ ನೋಡಿ, ಹೆಡ್ ಗ್ಯಾಸ್ಕೆಟ್ ಹೋಗಿದೆ, ಇಂಜಿನನ್ನು ಬಿಚ್ಚಬೇಕು, 24,000 ರೂಪಾಯಿ ಆದೀತೆಂದರು. ಇನ್ನೊಬ್ಬರು ಥರ್ಮೋಸ್ಟಾಟನ್ನು ಕಿತ್ತು ಬಿಸಾಡಿರೆಂದರು. ಗಾಡಿಯನ್ನು ಮಾರಿಬಿಡುವುದೇ ಲೇಸೆಂದು ಒಂದು ರಾತ್ರಿ ನಿಶ್ಚಯಿಸಿಯೂ ಆಗಿತ್ತು.

ಆಗ ನಮಗೆ ಶಾಲೆಯ ಪ್ರಯೋಗಶಾಲೆಯು ನೆನಪಾಯಿತು. ಒಮ್ಮೆಗೆ ಒಂದನ್ನೇ ಬದಲಾಯಿಸಿ ನೋಡಬೇಕು, ಎರಡನ್ನು ಬದಲಾಯಿಸಿದರೆ ಯಾವುದರಿಂದ ಏನಾಯಿತೆಂದು ತಿಳಿಯಲಾರದು ಎಂದು ನಮ್ಮ ವಿಜ್ಞಾನದ ಉಪಾಧ್ಯಾಯಿನಿಯವರು ಹೇಳುತ್ತಿದ್ದರು. ಹಾಗಾದರೆ ವೇಗವಾಗಿ ಓಡುವಾಗ ಇದ್ದು, ತೆವಳುವಾಗ ಇಲ್ಲದಿರುವುದು ಯಾವುದು? ಗಾಳಿಯಲ್ಲದೆ ಬೇರೇನು! ಓಡುವ ಗಾಡಿಯ ರೇಡಿಯೇಟರಿಗೆ ಗಾಳಿ ತಾನಾಗಿಯೇ ನುಗ್ಗುವುದು. ನಿಂತ ಗಾಡಿಗೆ ವಿದ್ಯುತ್ತಿನ ಫ್ಯಾನೇ ಗತಿ. ಹೆಡ್ ಗ್ಯಾಸ್ಕೆಟ್ ಒಡೆದಿದ್ದರೆ ಹೆದ್ದಾರಿಯಲ್ಲಿಯೂ ಉಷ್ಣ ಏರಬಹುದಾಗಿತ್ತು. ಎಣ್ಣೆಗೆ ನೀರು ಸೇರಿ ಹಾಲುಬಣ್ಣವಾಗಬಹುದಾಗಿತ್ತು. ಹಿಂದಿನ ಕೊಳವೆಯಿಂದ ಬಿಳಿಯ ಹೊಗೆ ಬರಬಹುದಾಗಿತ್ತು. ಇವೊಂದೂ ಕಾಣಲಿಲ್ಲ.

ಭಾನುವಾರ ಮಧ್ಯಾಹ್ನ ಗಾಡಿಯನ್ನು ಅಂಗಳದಲ್ಲಿ ನಿಲ್ಲಿಸಿ ಇಂಜಿನನ್ನು ಸುಮ್ಮನೆ ಓಡಬಿಟ್ಟೆವು. ಮುಳ್ಳು ನಡುವನ್ನು ದಾಟಿತು, ಫ್ಯಾನು ಅಲುಗಲಿಲ್ಲ. ಇಂಜಿನನ್ನು ನಿಲ್ಲಿಸಿ ಪರಿಶೀಲಿಸಲಾಗಿ, ಫ್ಯೂಸು ಸರಿಯಾಗಿತ್ತು. ಫ್ಯಾನಿನ ರಿಲೇಯನ್ನು ತೆಗೆದು, ಅದೇ ಜಾತಿಯ ಹಾರನ್ನಿನ ರಿಲೇಯ ಸ್ಥಳದಲ್ಲಿ ಇಟ್ಟೆವು. ಹಾರನ್ನು ಕೂಗಿತು, ನೆರೆಮನೆಯವರು ಇಣಿಕಿದರು. ಅಂದರೆ ರಿಲೇಯಲ್ಲಿ ದೋಷವಿಲ್ಲ. ಕಡೆಗೆ ಫ್ಯಾನಿನ ಪ್ಲಗ್ಗನ್ನು ಬಿಡಿಸಿ ಬ್ಯಾಟರಿಯಿಂದ ನೇರವಾಗಿ ಎರಡು ತಂತಿ ಕೊಡಲಾಗಿ, ಅದು ಭರ್ರೆಂದು ತಿರುಗಿತು. ಪ್ಲಗ್ಗಿನ ಒಳಗೆ ನೋಡಿದರೆ ಹಸುರು ಕಿಲುಬು, ಅದರ ಸುತ್ತ ಸುಟ್ಟ ಕಪ್ಪು. ಕಡಲ ತೀರದ ಉಪ್ಪುಗಾಳಿಯ ಕೆಲಸವಿದು! ಗಾಡಿಗಳ ವಿದ್ಯುತ್ ಕೆಲಸ ಮಾಡುವವರೊಬ್ಬರು ಹೊಸ ಪ್ಲಗ್ಗನ್ನು ಹಾಕಿ 350 ರೂಪಾಯಿ ತೆಗೆದುಕೊಂಡರು.

ಇಷ್ಟಕ್ಕೇ ಮುಗಿಯಿತೆಂದು ಹಿಗ್ಗಿದ್ದೆವು. ಆದರೆ ತಂಪು ಗಾಳಿ ಹಾಕಿದಾಗ ಮುಳ್ಳು ಇನ್ನೂ ನಡುವಿಗಿಂತ ಮೇಲೆಯೇ ನಿಲ್ಲುತ್ತಿತ್ತು. ನೋಡಿದರೆ ರೇಡಿಯೇಟರಿಗೂ ಅದರ ಮುಂದಿರುವ ತಂಪು ಯಂತ್ರದ ಜಾಲರಿಗೂ ನಡುವೆ ಧೂಳು, ತರಗು, ಸತ್ತ ಹುಳುಗಳು ಕಂಬಳಿಯಂತೆ ಹೆಣೆದುಕೊಂಡಿದ್ದವು. ರೆಕ್ಕೆಗಳು ಬಗ್ಗದಂತೆ ಹಿಂದಿನಿಂದ ಮುಂದಕ್ಕೆ ಮೆಲ್ಲನೆ ನೀರು ಹಾಯಿಸಿ ತೊಳೆದೆವು. ಇನ್ನು ಒಳಗಿನ ನೀರಿನ ಕಥೆ. ತಣಿದ ಮೇಲೆ ಕೆಳಗಿನ ಕೊಳವೆಯನ್ನು ಬಿಡಿಸಲಾಗಿ, ಕಷಾಯದಂಥ ಕೆಂಗಂದು ನೀರು ಸುರಿಯಿತು. ಇದಕ್ಕೆ ಯಾವ ಮೇಸ್ತ್ರಿಯನ್ನೂ ದೂರುವಂತಿಲ್ಲ. ಎರಡು ವರ್ಷದಿಂದ ಕೂಲೆಂಟ್ ಕೊಳ್ಳುವ ಬದಲು ಬಾವಿಯ ನೀರನ್ನೇ ಚೊಂಬಿನಿಂದ ಹೊಯ್ದವರು ನಾವೇ. ತುಕ್ಕನ್ನು ತಡೆಯುವ ಔಷಧವು ಕೂಲೆಂಟಿನಲ್ಲಿರುವುದೇ ಹೊರತು ಬಾವಿಯಲ್ಲಿಲ್ಲ. ಜಗಲಿಯಲ್ಲಿ ಕುಳಿತು ನೋಡುತ್ತಿದ್ದ ತಾಯಿಯವರು, "ಇದಕ್ಕೂ ವಾರಕ್ಕೆರಡು ಸಲ ಆಗಬೇಕೋ?" ಎಂದರು. ನಮಗೆ ನಗುವುದೋ ಅಳುವುದೋ ತಿಳಿಯಲಿಲ್ಲ.

ನೀರು ತಿಳಿಯಾಗುವವರೆಗೆ ತೊಳೆದು, ಕೂಲೆಂಟನ್ನೂ ಬಟ್ಟಿಯಿಳಿಸಿದ ನೀರನ್ನೂ ಸಮಭಾಗ ಬೆರೆಸಿ ತುಂಬಿದೆವು. ಅದರಲ್ಲಿ ಸಾಮಾನ್ಯವಾಗಿ ಇರುವ ಗ್ಲೈಕಾಲು ಸಿಹಿಯಾದ ವಿಷ. ಮಕ್ಕಳಿಗೂ ಬೆಕ್ಕುನಾಯಿಗಳಿಗೂ ನಿಲುಕದಂತೆ ಇಡತಕ್ಕದ್ದು.

ಮುಂದಿನ ಮಂಗಳವಾರ ಕೂಳೂರಿನಲ್ಲಿ 25 ನಿಮಿಷ ಸಿಕ್ಕಿಕೊಂಡೆವು. ಮುಳ್ಳು ಕೊಂಚ ಏರಿತು, ಫ್ಯಾನು ಗುಂಯ್‌ಗುಟ್ಟಿತು, ಮುಳ್ಳು ಇಳಿಯಿತು, ಫ್ಯಾನು ನಿಂತಿತು. ಹೀಗೆ ಆರು ಸಲ ಆದುದನ್ನು ನಾವಿಬ್ಬರೂ ಮಾತಿಲ್ಲದೆ ಎಣಿಸಿದೆವು. ತಾಯಿಯವರು ಹಿಂದಿನ ಆಸನದಲ್ಲಿ ತಂಪು ಗಾಳಿಗೆ ಸೆರಗು ಹೊದ್ದು ನಿದ್ರೆ ಹೋಗಿದ್ದರು. ಗೊತ್ತಾದ ವೇಳೆಗೆ ಹತ್ತು ನಿಮಿಷ ಮುಂಚಿತವಾಗಿ ಆಸ್ಪತ್ರೆಯನ್ನು ತಲಪಿ ಅವರನ್ನು ಎಬ್ಬಿಸಿದೆವು.