ಅಯೋವಾದ ಕಾಲುವೆ ಜಗಳ

ಅಯೋವಾದಲ್ಲಿ ಮಗಳ ಮನೆಗೆ ಹೋಗಿದ್ದಾಗಿನ ಮಾತಿದು. 2016ರ ಚಳಿಗಾಲ, ಜನವರಿಯೇ ಇರಬೇಕು. ಬಾಗಿಲು ತೆಗೆದರೆ ಮೂಗು ಮರಗಟ್ಟುವಂಥ ಚಳಿ. ಪಕ್ಕದ ಮೆಕ್ಕೆಜೋಳದ ಹೊಲದ ಅಜ್ಜ ಊಟಕ್ಕೆ ಕರೆದಿದ್ದರು. ಅಜ್ಜ ಅಂದೆ, ನನಗಿಂತ ನಾಲ್ಕೈದು ವರ್ಷ ದೊಡ್ಡವರಷ್ಟೆ.

ನಮಗೋಸ್ಕರ ಮಾಂಸ ಹಾಕದೆ ಬೀನ್ಸು, ಟೊಮೆಟೊ ಬೇಯಿಸಿ ಖಾರದ ಗಟ್ಟಿ ಸಾರು ಮಾಡಿದ್ದರು. ಅದರ ಜೊತೆಗೆ ದಾಲ್ಚಿನ್ನಿಯ ಸಿಹಿ ಬನ್ನು! ಅಲ್ಲಿ ಅದೇ ರೂಢಿಯಂತೆ. ನನ್ನವಳು ನನ್ನ ಮುಖ ನೋಡಿದಳು. ಎರಡನೇ ಬನ್ನು ಕೇಳಿ ಹಾಕಿಸಿಕೊಂಡವಳೂ ಅವಳೇ.

ಅಜ್ಜನ ತಂಗಿ ಡೆ ಮೊಯ್ನ್ ನಗರದಿಂದ ಬಂದಿದ್ದರು. ಜಗಳ ಹೇಗೆ ಶುರುವಾಯಿತೋ ಮರೆತಿದೆ. ಟಿವಿಯಲ್ಲಿ ಒಬಾಮಾ ಹೆಸರು ಬಂತೇನೋ. ಅಜ್ಜ ಮಾತಿಗೊಮ್ಮೆ ಚಮಚದಿಂದ ಮೇಜು ಕುಟ್ಟೋರು. "ನನ್ನ ಹೊಲದ ಕಾಲುವೆಯಲ್ಲಿ ವಾಷಿಂಗ್ಟನ್ನಿನವರಿಗೇನು ಕೆಲಸ?" ತಂಗಿ ಬಿಡಬೇಕಲ್ಲ: "ನಿನ್ನ ಗೊಬ್ಬರ ನಮ್ಮ ನಲ್ಲಿಗೆ ಬರುತ್ತಲ್ಲಣ್ಣ, ಅದಕ್ಕೇನು ಹೇಳ್ತೀಯ?"

ಆಕೆ ಹೇಳಿದ್ದೂ ಸುಳ್ಳಲ್ಲ. ಅಲ್ಲಿನ ಹೊಲಗಳಡಿ ನೀರು ಬಸಿಯಲು ಕೊಳವೆ ಹೂತಿರುತ್ತಾರೆ. ನೈಟ್ರೇಟು ಅದರಿಂದ ಕಾಲುವೆಗೆ, ಕಾಲುವೆಯಿಂದ ರಕೂನ್ ನದಿಗೆ. ನಗರ ಕುಡಿಯುವುದು ಆ ನದಿಯ ನೀರನ್ನೇ. ನಗರದ ನೀರು ಸಂಸ್ಥೆ ಹಿಂದಿನ ವರ್ಷವೇ ಮೂರು ಕೌಂಟಿಗಳ ಮೇಲೆ ಮೊಕದ್ದಮೆ ಹೂಡಿತ್ತು. ನಮ್ಮೂರಲ್ಲಿ ನಮ್ಮಪ್ಪ ಗದ್ದೆಗೆ ನೀರು ಬರಲಿಲ್ಲ ಅಂತ ದಾಯಾದಿಗಳ ಹತ್ತಿರ ಜಗಳಾಡುತ್ತಿದ್ದರು. ಇಲ್ಲಿ ನೀರು ಬಂದಿದ್ದಕ್ಕೇ ಜಗಳ.

ಅಣ್ಣ-ತಂಗಿ ಜಗಳದ ಮೂಲ 1972ರ ನೀರಿನ ಕಾಯ್ದೆ. ನಿಕ್ಸನ್ ತಡೆದರೂ ಕಾಂಗ್ರೆಸ್ಸು ಮತ್ತೆ ಮತ ಹಾಕಿ ಜಾರಿಗೆ ತಂದದ್ದು. 'ಅಮೆರಿಕದ ನೀರಿ'ಗೆ ಕೊಳೆ ಬಿಡಬೇಕಾದರೆ ಪರವಾನಗಿ ಬೇಕು ಅಂತ ಬರೆದರು. ಯಾವ ನೀರು ಅಂತ ಬಿಡಿಸಿ ಬರೆಯಲಿಲ್ಲ. ದೊಡ್ಡ ನದಿಗೆ ತಕರಾರಿಲ್ಲ. ಮಳೆ ಬಂದಾಗಷ್ಟೇ ಹರಿಯುವ ಹಳ್ಳ? ಜೌಗು? 2006ರಲ್ಲಿ ಸುಪ್ರೀಂ ಕೋರ್ಟಿನ ಒಂಬತ್ತು ಜನರೂ ನಾಲ್ಕು, ನಾಲ್ಕು, ಒಂದು ಅಂತ ಒಡೆದು ಹೋದರು. 2015ರಲ್ಲಿ ಒಬಾಮಾ ಸರ್ಕಾರ ಯಾವ ನೀರು ಅಂತ ಬಿಡಿಸಿ ಹೇಳುವ ನಿಯಮ ಬರೆಯಿತು. ಅದನ್ನು ಅಳಿಸುವ ನಿರ್ಣಯ ತಂದವರು ಅಯೋವಾದವರೇ, ಸೆನೆಟರ್ ಜೋನಿ ಅರ್ನ್ಸ್ಟ್. ಎರಡೂ ಸದನ ಒಪ್ಪಿದವು, ಒಬಾಮಾ ತಡೆದರು. ಅಷ್ಟರಲ್ಲಿ ಒಂದು ಕೋರ್ಟು ನಿಯಮಕ್ಕೇ ತಡೆಯಾಜ್ಞೆ ಕೊಟ್ಟಾಗಿತ್ತು!

ಮನೆಗೆ ಬಂದ ಮೇಲೆ ಅಳಿಯ ಇನ್ನೊಂದು ವಿಷಯ ಹೇಳಿದ. ಉಳುವುದು, ಬಿತ್ತುವುದಕ್ಕೆ 1977ರಿಂದಲೇ ವಿನಾಯಿತಿ ಇದೆಯಂತೆ. ಹೊಸ ನಿಯಮ ಎಷ್ಟೋ ಕಾಲುವೆಗಳನ್ನು ಹೊರಗಿಟ್ಟಿತ್ತು. ಮಳೆಯಲ್ಲಿ ಹೊಲದಿಂದ ಕೊಚ್ಚಿಹೋಗುವ ಗೊಬ್ಬರಕ್ಕೆ ಪರವಾನಗಿಯೇ ಬೇಡ. ಅಂದರೆ ಅಣ್ಣ ಹೆದರಿದಷ್ಟೂ ಅದರಲ್ಲಿಲ್ಲ, ತಂಗಿ ನೆಚ್ಚಿದಷ್ಟೂ ಇಲ್ಲ. ಆದರೂ ಅಜ್ಜನನ್ನು ದೂರಲಾರೆ. ತನ್ನ ಕಾಲುವೆ ಗೆರೆಯ ಒಳಗೋ ಹೊರಗೋ ಅಂತ ತಿಳಿಯಲು ಅಧಿಕಾರಿ ಬರುವವರೆಗೆ ಕಾಯಬೇಕು ಅಂದರೆ ಯಾವ ರೈತ ತಾನೇ ನಿದ್ದೆ ಮಾಡುತ್ತಾನೆ?

ಆಮೇಲೆ ಟ್ರಂಪ್ ನಿಯಮವನ್ನು ಕುಗ್ಗಿಸಿದರು, ಬೈಡನ್ ಹಿಗ್ಗಿಸಿದರು. 2023ರಲ್ಲಿ ಕಾಂಗ್ರೆಸ್ಸು ಮತ್ತೆ ಅಳಿಸಹೊರಟಿತು, ಬೈಡನ್ ತಡೆದರು. ಆ ಮೇ ತಿಂಗಳಲ್ಲಿ, ಐಡಾಹೋದ ದಂಪತಿಯ ಮೊಕದ್ದಮೆಯಲ್ಲಿ, ನದಿ-ಕೆರೆಗೆ ಮೇಲ್ಮೈಯಲ್ಲೇ ಎಡೆಬಿಡದೆ ಕೂಡಿಕೊಂಡ ಜೌಗಿಗೆ ಮಾತ್ರ ಕಾಯ್ದೆ ಅಂತ ಸುಪ್ರೀಂ ಕೋರ್ಟು ಹೇಳಿತು. ಅಜ್ಜನಿಗೆ ಖುಷಿಯಾಯಿತಾ ಅಂತ ಮಗಳನ್ನು ಫೋನಿನಲ್ಲಿ ಕೇಳಿದೆ. "ಎಲ್ಲಿ ಖುಷಿ ಅಪ್ಪ? ಮುಂದಿನವರು ಬಂದು ಇದನ್ನೂ ಬದಲಾಯಿಸ್ತಾರೆ ಅಂತ ಗೊಣಗ್ತಿದ್ದಾರೆ" ಅಂದಳು.