ರಕ್ತದಲ್ಲಿ ಮದ್ದಿನ ಅಳತೆ

ಭೀಮಾನದಿಯ ದಂಡೆಯಲ್ಲಿ ಬಾಳುವವರಿಗೆ ನೀರಿನ ಮಟ್ಟವನ್ನು ನೋಡುವ ಅಭ್ಯಾಸ ಹೊಸದಲ್ಲ. ಮಹಾರಾಷ್ಟ್ರದ ಉಜ್ಜನಿ ಜಲಾಶಯದಿಂದ ನೀರು ಬಿಟ್ಟರೆಂಬ ವಾರ್ತೆ ಬಂದೊಡನೆ ಅಫಜಲಪುರ ತಾಲ್ಲೂಕಿನ ಸೊನ್ನ ಬ್ಯಾರೇಜಿನ ಕಡೆಗೆ ಎಲ್ಲರ ಚಿತ್ತವೂ ಹೊರಳುವುದು; ಜೇವರ್ಗಿಯ ದಂಡೆಯ ಹಳ್ಳಿಗಳವರು ದನಕರುಗಳನ್ನು ಎತ್ತರದ ನೆಲಕ್ಕೆ ಹೊಡೆದುಕೊಂಡು ಹೋಗುವರು. ೨೦೨೦ರ ಅಕ್ಟೋಬರದಲ್ಲಿ ಬಂದ ಮಹಾಪೂರವನ್ನು ಕಂಡವರು ಅದನ್ನು ಇನ್ನೂ ಮರೆತಿಲ್ಲ. ನೀರು ಕಡಿಮೆಯಾದರೆ ಪೈರು ಒಣಗುವುದು, ಮಿತಿಮೀರಿದರೆ ಮನೆಮಾರು ಕೊಚ್ಚಿಹೋಗುವುದು. ಔಷಧದ ಸಂಗತಿಯೂ ಹೀಗೆಯೇ ಇರುವುದು. ಮೂತ್ರಪಿಂಡಗಳು ಕೆಲಸ ನಿಲ್ಲಿಸಿದವನ ದೇಹದಲ್ಲಂತೂ ಇದು ಅಕ್ಷರಶಃ ಸತ್ಯವಾದ ಮಾತು.

ಆರೋಗ್ಯವಂತನ ಮೂತ್ರಪಿಂಡಗಳು ಸದಾ ತೆರೆದಿರುವ ತೂಬಿನಂತೆ. ನುಂಗಿದ ಮದ್ದು, ಚುಚ್ಚಿಸಿಕೊಂಡ ಮದ್ದು, ಬಹುಮಟ್ಟಿಗೆ ಅಲ್ಲಿಂದಲೇ ಹೊರಹೋಗುವುವು. ಈ ತೂಬಿನ ವೇಗ ಎಷ್ಟೆಂಬುದು ೧೯೪೧ರಲ್ಲಿ ಆಕ್ಸ್‌ಫರ್ಡಿನ ವೈದ್ಯರಿಗೆ ಚೆನ್ನಾಗಿ ತಿಳಿಯಿತು. ಅವರು ಆಲ್ಬರ್ಟ್ ಅಲೆಕ್ಸಾಂಡರ್ ಎಂಬ ಪೊಲೀಸಿನವನಿಗೆ ಪೆನಿಸಿಲಿನ್ ಕೊಟ್ಟರು, ರೋಗ ಇಳಿಮುಖವಾಯಿತು. ಆದರೆ ಮದ್ದಿನ ಸಂಗ್ರಹ ಅತ್ಯಲ್ಪವಾಗಿದ್ದುದರಿಂದ, ಅವನ ಮೂತ್ರದಲ್ಲಿ ಹೊರಬಂದ ಪೆನಿಸಿಲಿನ್ನನ್ನೇ ಶೋಧಿಸಿ ತೆಗೆದು ಅವನಿಗೆ ಮರಳಿ ಚುಚ್ಚಬೇಕಾಯಿತು. ಕೊನೆಗೆ ಅದೂ ತೀರಿತು. ಆ ಮನುಷ್ಯನು ಬದುಕಲಿಲ್ಲ. ಅಂದು ಮದ್ದು ಉಳಿಯದೆ ಹೋದುದು ಕಷ್ಟವಾಗಿತ್ತು. ಮೂತ್ರಪಿಂಡ ಕೆಟ್ಟವನಲ್ಲಿ ಮದ್ದು ಹೋಗದೆ ಉಳಿಯುವುದೇ ಕಷ್ಟ.

ಇಂತಹವನಿಗೆ ತೂಬನ್ನು ಮನುಷ್ಯರ ಕೈಗಳೇ ತೆರೆಯಬೇಕು. ೧೯೪೩ರಲ್ಲಿ ಹಾಲೆಂಡಿನ ಕಾಂಪೆನ್ ಪಟ್ಟಣದಲ್ಲಿ ವಿಲ್ಲೆಮ್ ಕೋಲ್ಫ್ ಎಂಬ ವೈದ್ಯನು, ಯುದ್ಧಕಾಲದ ಅಭಾವದ ನಡುವೆ, ಮಾಂಸದ ತಿನಿಸಿಗೆ ಹೊದಿಕೆಯಾಗಿ ಬಳಸುತ್ತಿದ್ದ ಸೆಲೋಫೇನ್ ಕೊಳವೆಯನ್ನು ಉರುಳೆಯೊಂದಕ್ಕೆ ಸುತ್ತಿ ರಕ್ತ ತೊಳೆಯುವ ಯಂತ್ರವನ್ನು ಕಟ್ಟಿದನು. ಮೊದಮೊದಲು ಅದಕ್ಕೆ ಒಳಪಟ್ಟ ಹಲವರು ಬದುಕಲಿಲ್ಲ; ೧೯೪೫ರಲ್ಲಿ ಒಬ್ಬ ವೃದ್ಧೆ ಬದುಕಿ ಎದ್ದಳು. ೧೯೬೦ರಲ್ಲಿ ಅಮೆರಿಕದ ಸಿಯಾಟಲಿನ ಸ್ಕ್ರಿಬ್ನರ್ ವೈದ್ಯನು ರಕ್ತನಾಳಕ್ಕೆ ಶಾಶ್ವತವಾದೊಂದು ದಾರಿಯನ್ನು ಕಲ್ಪಿಸಿದ ಮೇಲೆ, ವರ್ಷಗಟ್ಟಲೆ ಡಯಾಲಿಸಿಸ್ ಮಾಡಿಸಿಕೊಂಡು ಬಾಳುವುದು ಸಾಧ್ಯವಾಯಿತು. ೨೦೧೬ರಲ್ಲಿ ಭಾರತ ಸರ್ಕಾರವು ಬಡವರಿಗಾಗಿ ರಾಷ್ಟ್ರೀಯ ಡಯಾಲಿಸಿಸ್ ಯೋಜನೆಯನ್ನು ಸಾರಿತು. ದೊಡ್ಡ ನಗರಗಳ ಸೊತ್ತಾಗಿದ್ದ ಯಂತ್ರವು ಕರ್ನಾಟಕದಲ್ಲಿ ಈಗ ತಾಲ್ಲೂಕು ಆಸ್ಪತ್ರೆಗಳವರೆಗೆ ಬಂದಿರುವುದು. ವಾರಕ್ಕೆ ಎರಡು ಮೂರು ಸಲ, ಒಂದೊಂದು ಸಲಕ್ಕೆ ಸುಮಾರು ನಾಲ್ಕು ತಾಸು, ತೂಬು ತೆರೆದಿರುವುದು. ಉಳಿದ ಹೊತ್ತೆಲ್ಲ ಮುಚ್ಚಿರುವುದು.

ರಕ್ತಕ್ಕೆ ದಾರಿ ತೆರೆದಲ್ಲಿ ಕ್ರಿಮಿಗಳಿಗೂ ದಾರಿ ತೆರೆಯುವುದು ಸಹಜ. ಕುತ್ತಿಗೆಯ ನಾಳದಲ್ಲಿ ಇಟ್ಟ ನಳಿಕೆಯ ಮೂಲಕ ಅವು ನುಸುಳಿದರೆ, ಯಂತ್ರಕ್ಕೆ ಹಚ್ಚಿದ ಸ್ವಲ್ಪ ಹೊತ್ತಿನಲ್ಲೇ ರೋಗಿಯು ಗಡಗಡ ನಡುಗತೊಡಗುವನು. ಆಗ ವೈದ್ಯರು ವ್ಯಾಂಕೊಮೈಸಿನ್, ಜೆಂಟಮೈಸಿನ್ ಮುಂತಾದ ಪ್ರಬಲ ಔಷಧಗಳಿಗೆ ಕೈಹಾಕುವರು. ವ್ಯಾಂಕೊಮೈಸಿನ್ ಹುಟ್ಟಿದ್ದು ಬೋರ್ನಿಯೋ ದ್ವೀಪದ ಮಣ್ಣಿನೊಳಗಿನ ಒಂದು ಸೂಕ್ಷ್ಮಜೀವಿಯಿಂದ. ೧೯೫೮ರಲ್ಲಿ ಅದು ಬಳಕೆಗೆ ಬಂದಿತು. ಆರೋಗ್ಯವಂತನ ರಕ್ತದಲ್ಲಿ ಅದರ ಪ್ರಮಾಣ ಅರ್ಧಕ್ಕೆ ಇಳಿಯಲು ಸುಮಾರು ಆರು ತಾಸು ಸಾಕು. ಮೂತ್ರಪಿಂಡ ಪೂರ್ತಿ ನಿಂತವನಲ್ಲಿ ಅದಕ್ಕೆ ವಾರದ ಹತ್ತಿರ ಹಿಡಿಯುವುದು. ಜೆಂಟಮೈಸಿನ್ನಿಗೆ ಅಲ್ಲಿ ಎರಡು ಮೂರು ತಾಸು, ಇಲ್ಲಿ ಒಂದೆರಡು ದಿವಸ.

ಆಳಂದದ ಸೀಮೆಯ ಒಕ್ಕಲಿಗನೊಬ್ಬನು ಇಂತಹ ಸಂದರ್ಭದಲ್ಲಿ ಕೇಳಬಹುದಾದ ಪ್ರಶ್ನೆ ಒಂದುಂಟು: “ಸಾಹೇಬ್ರ, ಮದ್ದು ಜಾಸ್ತಿ ಕೊಟ್ರ ಲಗೂ ಆರಾಮ ಆಗ್ತದಲ್ರೀ?” ಪ್ರಶ್ನೆ ಮುಗ್ಧವಾದುದಾದರೂ ಉತ್ತರ ಸುಲಭವಲ್ಲ. ಜೆಂಟಮೈಸಿನ್ ಬಹುಕಾಲ ಮಿತಿಮೀರಿ ನಿಂತರೆ ಒಳಗಿವಿಯ ಸೂಕ್ಷ್ಮ ಕೋಶಗಳು ನಾಶವಾಗುವುವು. ಕಿವಿ ಮಂದವಾಗುವುದು, ಇಲ್ಲವೆ ನಡೆಯುವಾಗ ನೆಲವೇ ತೂಗಿದಂತಾಗುವುದು. ಹೀಗೆ ಹೋದ ಶ್ರವಣಶಕ್ತಿ ಸಾಮಾನ್ಯವಾಗಿ ಮರಳಿ ಬಾರದು. ದಿನಕ್ಕೆ ಒಂದೆರಡು ಲೋಟ ಮೂತ್ರ ಇನ್ನೂ ಬರುತ್ತಿದ್ದವನಿಗೆ ಆ ಉಳಿದ ಶಕ್ತಿಯೂ ಕುಂದಬಹುದು. ಹಾಗೆಂದು ಹೆದರಿ ಕಡಿಮೆ ಕೊಟ್ಟರೆ, ಕ್ರಿಮಿಗಳು ಸಾಯದೆ ಉಳಿದು ಹೃದಯದ ಕವಾಟಗಳಲ್ಲಿ, ಬೆನ್ನೆಲುಬಿನಲ್ಲಿ ಮನೆಮಾಡುವುವು. ಒಂದು ಕಡೆ ಕಿವಿ, ಇನ್ನೊಂದು ಕಡೆ ಪ್ರಾಣ. ನಡುವಿನ ದಾರಿ ಇಕ್ಕಟ್ಟಾದುದು. ಅದನ್ನು ಅಳತೆಯಿಂದಲ್ಲದೆ ಅನುಮಾನದಿಂದ ಹಿಡಿಯಲಾಗದು.

ಅಳೆಯುವ ಮೊದಲ ಉಪಾಯವು ಸರಳವೂ ಚೆಲುವಾದುದೂ ಆಗಿತ್ತು. ತಟ್ಟೆಯಲ್ಲಿ ಕ್ರಿಮಿಗಳನ್ನು ಬಿತ್ತಿ, ನಡುವೆ ಮಾಡಿದ ಕುಳಿಯಲ್ಲಿ ರೋಗಿಯ ರಕ್ತದ ತಿಳಿಯನ್ನು ಹಾಕಿ ಒಂದು ರಾತ್ರಿ ಬೆಚ್ಚಗಿಡುತ್ತಿದ್ದರು. ಬೆಳಗಾಗುವ ಹೊತ್ತಿಗೆ ಕುಳಿಯ ಸುತ್ತ ಕ್ರಿಮಿ ಬೆಳೆಯದ ಬಯಲೊಂದು ಕಾಣುತ್ತಿತ್ತು; ಅದರ ಅಗಲವನ್ನು, ಗೊತ್ತಾದ ಪ್ರಮಾಣದ ಮದ್ದು ಉಂಟುಮಾಡಿದ ಬಯಲಿನೊಡನೆ ಹೋಲಿಸಿ ಲೆಕ್ಕ ಹಾಕುತ್ತಿದ್ದರು. ದೋಷವೆಂದರೆ, ರೋಗಿಗೆ ಎರಡು ಔಷಧ ಕೊಟ್ಟಿದ್ದರೆ ಬಯಲು ಯಾವುದರದೆಂದು ತಿಳಿಯುತ್ತಿರಲಿಲ್ಲ. ಇಡೀ ರಾತ್ರಿಯೂ ಕಾಯಬೇಕಾಗಿತ್ತು. ಬರ್ಸನ್ ಮತ್ತು ರೊಸಾಲಿನ್ ಯಾಲೊ ಇವರು ಇನ್ಸುಲಿನ್ನಿಗಾಗಿ ಕಂಡುಹಿಡಿದ ಹೊಸ ಅಳತೆಯ ಕ್ರಮವು, ಯಾಲೊ ಅವರಿಗೆ ೧೯೭೭ರಲ್ಲಿ ನೊಬೆಲ್ ಪಾರಿತೋಷಕವನ್ನು ತಂದಿತು. ಅದೇ ತತ್ತ್ವದ ಮೇಲೆ ಬೆಳೆದ ಪರೀಕ್ಷೆಗಳಿಂದ ಈಗ ಕೆಲವು ಹನಿ ರಕ್ತದಲ್ಲಿರುವ ಮದ್ದನ್ನು ಗಂಟೆ ಎರಡು ಗಂಟೆಗಳಲ್ಲಿ ಅಳೆಯಬಹುದು.

ಆದರೆ ಅಳತೆಗೆ ಹೊತ್ತೂ ಮುಖ್ಯ. ಡಯಾಲಿಸಿಸ್ ಮುಗಿದ ಕೂಡಲೇ ರಕ್ತ ತೆಗೆದರೆ ಮದ್ದು ಬಹಳ ಇಳಿದಂತೆ ತೋರುವುದು. ಕೆಲವು ತಾಸುಗಳಲ್ಲಿ ಮಾಂಸಖಂಡಗಳಲ್ಲಿ ಅಡಗಿದ್ದ ಮದ್ದು ರಕ್ತಕ್ಕೆ ಮರಳುವುದರಿಂದ ಮಟ್ಟವು ಮತ್ತೆ ಏರುವುದು. ಬ್ಯಾರೇಜಿನ ಬಾಗಿಲು ಮುಚ್ಚಿದ ಮೇಲೂ ಅಕ್ಕಪಕ್ಕದ ಹಳ್ಳಗಳ ನೀರು ಹರಿದುಬರುವುದಿಲ್ಲವೆ? ಆದುದರಿಂದ ಮುಂದಿನ ಡಯಾಲಿಸಿಸ್ ಆರಂಭವಾಗುವ ಮೊದಲು ರಕ್ತ ತೆಗೆಯುವುದು ಒಳ್ಳೆಯದು. ವ್ಯಾಂಕೊಮೈಸಿನ್ ಆ ಹೊತ್ತಿನಲ್ಲಿ ಲೀಟರಿಗೆ ೧೫ರಿಂದ ೨೦ ಮಿಲಿಗ್ರಾಂ ಇರಬೇಕೆಂಬುದು ಬಹುಮಂದಿ ವೈದ್ಯರು ಇಟ್ಟುಕೊಂಡಿರುವ ಗುರಿ. ಮದ್ದು ಹರಿಸಿದ ನಳಿಕೆಯಿಂದಲೇ ರಕ್ತ ತೆಗೆದರೆ, ಅಲ್ಲಿ ಅಂಟಿಕೊಂಡ ಮದ್ದು ಸೇರಿ ಸುಳ್ಳು ಲೆಕ್ಕ ಬರುವುದು. ಹಳೆಯ ಪುಸ್ತಕಗಳು ವ್ಯಾಂಕೊಮೈಸಿನ್ನನ್ನು ವಾರಕ್ಕೊಮ್ಮೆ ಕೊಟ್ಟರೆ ಸಾಕೆನ್ನುತ್ತಿದ್ದವು. ಅಂದಿನ ಯಂತ್ರದ ಪೊರೆಯ ರಂಧ್ರಗಳಲ್ಲಿ ಅದರ ದೊಡ್ಡ ಅಣು ನುಸುಳುತ್ತಿರಲಿಲ್ಲ. ಈಗಿನ ಪೊರೆಗಳು ಒಂದು ಸಲಕ್ಕೆ ಮೂರರಲ್ಲೊಂದು ಪಾಲನ್ನು, ಕೆಲವೊಮ್ಮೆ ಅದಕ್ಕೂ ಹೆಚ್ಚನ್ನು, ಸೋಸಿಬಿಡುವುವು. ಪೊರೆ ಬದಲಾದರೂ ಲೆಕ್ಕ ಬದಲಾಗದಿದ್ದರೆ ರೋಗಿಗೇ ನಷ್ಟ.

ಇನ್ನು ದಾರಿಯ ಮಾತು. ಆಳಂದದಿಂದಾಗಲಿ ಜೇವರ್ಗಿಯಿಂದಾಗಲಿ ಕಲಬುರಗಿಗೆ ಸುಮಾರು ೪೦ ಕಿಲೋಮೀಟರು. ಅಫಜಲಪುರದಿಂದ ಇನ್ನೂ ಹೆಚ್ಚು. ಇಂತಹ ಪರೀಕ್ಷೆಯನ್ನು ಪ್ರತಿಯೊಂದು ತಾಲ್ಲೂಕು ಆಸ್ಪತ್ರೆಯಲ್ಲೂ ನಿರೀಕ್ಷಿಸಲಾಗದು. ಆದರೂ ರೋಗಿಯೇ ಹೊರಡಬೇಕೆಂದಿಲ್ಲ. ರಕ್ತದ ತಿಳಿಯನ್ನು ಬೇರ್ಪಡಿಸಿ, ತಂಪಿನಲ್ಲಿಟ್ಟು, ಮದ್ದು ಕೊಟ್ಟ ಹೊತ್ತನ್ನೂ ರಕ್ತ ತೆಗೆದ ಹೊತ್ತನ್ನೂ ಚೀಟಿಯಲ್ಲಿ ಬರೆದು ಕಳುಹಿದರೆ ಸಾಕು. ಹೊತ್ತಿನ ಗುರುತಿಲ್ಲದ ಅಂಕೆ ಎಷ್ಟು ನಿಖರವಾಗಿದ್ದರೂ ವೈದ್ಯರಿಗೆ ಹೆಚ್ಚು ಉಪಯೋಗವಿಲ್ಲ. ಉತ್ತರವು ಮುಂದಿನ ಮದ್ದಿನ ಹೊತ್ತಿಗೆ ಮೊದಲು ಬರಬೇಕು. ಹೊಳೆ ಇಳಿದ ಮೇಲೆ ಬಂದ ಪ್ರವಾಹದ ಸೂಚನೆಯಿಂದ ಯಾರಿಗೆ ಪ್ರಯೋಜನ?

ಮನೆಯವರು ಮಾಡಬಹುದಾದ ಕಾರ್ಯವೂ ಉಂಟು. ಬೇರೊಬ್ಬ ವೈದ್ಯರ ಬಳಿಗೆ ಹೋದಾಗ ರೋಗಿಯು ಡಯಾಲಿಸಿಸ್ ಮಾಡಿಸಿಕೊಳ್ಳುವವನೆಂದು ಮೊದಲೇ ಹೇಳುವುದು. ಕೊಟ್ಟ ಸೂಜಿಮದ್ದಿನ ಹೆಸರನ್ನೂ ದಿನವನ್ನೂ ಬರೆದಿಡುವುದು. ಕಿವಿಯಲ್ಲಿ ಗುಂಯ್‌ಗುಟ್ಟಿದರೆ, ನಡೆಯುವಾಗ ತೂರಾಡಿದರೆ, ಅದು ಮುಪ್ಪಿನ ದೋಷವೆಂದು ಸುಮ್ಮನಿರದೆ ಕೂಡಲೇ ತಿಳಿಸುವುದು. ಪರೀಕ್ಷೆಗೆಂದು ಇನ್ನೊಮ್ಮೆ ರಕ್ತ ಕೇಳಿದಾಗ, “ಮೈಯಾಗ ರಕ್ತಾನೇ ಇಲ್ಲ, ಮತ್ತ ಎಷ್ಟು ತಗೀತೀರಿ?” ಎಂದು ಮುದುಕಿಯರು ಮುನಿಯುವುದುಂಟು. ಆ ಮುನಿಸಿನಲ್ಲಿ ನ್ಯಾಯವಿದೆ, ಏಕೆಂದರೆ ಈ ರೋಗಿಗಳಿಗೆ ರಕ್ತ ಮೊದಲೇ ಕಡಿಮೆ. ಆದರೂ ಅವರಿಗೆ ತಾಳ್ಮೆಯಿಂದ ತಿಳಿಯಹೇಳಬೇಕು: ತೆಗೆಯುವುದು ಒಂದು ಚಮಚೆಗೂ ಕಡಿಮೆ, ಅದರಿಂದ ಉಳಿಯುವುದು, ಮೊಮ್ಮಕ್ಕಳು ಅಜ್ಜೀ ಎಂದು ಕೂಗಿದರೆ ಕೇಳಿಸಿಕೊಳ್ಳುವ ಕಿವಿ.