ಅರ್ಧ ಚಮಚದ ಲೆಕ್ಕ

ತಮ್ಮ ಮನೆಯ ಕಪಾಟಿನ ಮೂಲೆಯಲ್ಲಿಯೂ ಅರ್ಧ ಉಳಿದ ಔಷಧದ ಬಾಟಲಿಯೊಂದು ಇದ್ದಿರಬಹುದು. ಬಿಸಾಡಲು ಮನಸ್ಸು ಬಾರದು. ಮುಂದೆಂದಾದರೂ ಉಪಯೋಗಕ್ಕೆ ಬಂದೀತೆಂದು ಎತ್ತಿಡುತ್ತೇವೆ. ಹಾಗೆ ಎತ್ತಿಟ್ಟ ಬಾಟಲಿಯೊಂದು ನನ್ನನ್ನು ಒಂದು ಇರುಳಿಡೀ ಅಳಿಸಿದ ಸಂಗತಿಯನ್ನು ತಮ್ಮೊಡನೆ ಹಂಚಿಕೊಳ್ಳಬಯಸುತ್ತೇನೆ.

ಮೊಳಕಾಲ್ಮುರು ತಾಲ್ಲೂಕಿನ ಕೊಂಡ್ಲಹಳ್ಳಿ ನನ್ನ ತವರು. ಮಳೆಗಾಗಿ ಮುಗಿಲು ನೋಡುವ ಈ ಸೀಮೆಯಲ್ಲಿ ಶೇಂಗಾ ಬೆಳೆಯನ್ನು ನಂಬಿ ಬದುಕುವ ಮನೆಗಳೇ ಬಹಳ. ಕಿತ್ತ ಬಳ್ಳಿ ಒಣಗಿ, ಕಾಯಿ ಬಿಡಿಸುವ ದಿನಗಳು ಬಂದವೆಂದರೆ ಮನೆಯ ಒಳಹೊರಗೆಲ್ಲ ನವಿರಾದ ಧೂಳು. ಬೇಲಿಯ ಸಾಲಿನಲ್ಲಿ ಕಾಂಗ್ರೆಸ್ ಗಿಡ ಬಿಳಿಯ ಹೂ ತುಂಬಿ ನಿಂತಿರುತ್ತದೆ. 1950ರ ದಶಕದಲ್ಲಿ ಪುಣೆಯಲ್ಲಿ ಮೊದಲು ಗುರುತಿಸಲ್ಪಟ್ಟ ಆ ಕಳೆ ನಮ್ಮ ಹೊಲಗಳನ್ನು ಆಕ್ರಮಿಸಿದ ಬಗೆ ಬೇರೆಯೇ ಒಂದು ಕಥೆ. ಅದರ ಪರಾಗ ಕೆಲವರಿಗೆ ಸೀನನ್ನೂ ಕಣ್ಣುರಿಯನ್ನೂ, ಅದರ ಸ್ಪರ್ಶ ಚರ್ಮದ ತುರಿಕೆಯನ್ನೂ ತರುತ್ತದೆ. ಇದರ ಮೇಲೆ, ಚಳಿಯೆಂದು ಹೊದೆಸುವ ಹಳೆಯ ಕಂಬಳಿಯ ಧೂಳು ಬೇರೆ.

ಮೂರು ವರ್ಷದ ಮೊಮ್ಮಗಳನ್ನು ಕರೆದುಕೊಂಡು ಅಂಥ ದಿನಗಳಲ್ಲೇ ತವರಿಗೆ ಹೋಗಿದ್ದೆ. ಸಂಜೆಯ ಹೊತ್ತಿಗೆ ಮಗುವಿಗೆ ಎಡೆಬಿಡದ ಸೀನು, ಮೂಗಿನಲ್ಲಿ ನೀರು. ವೈದ್ಯರು ಹಿಂದೊಮ್ಮೆ ಅವಳಿಗಾಗಿ ಬರೆದುಕೊಟ್ಟಿದ್ದ ಸೆಟಿರಿಜಿನ್ ಸಿರಪ್ ಚೀಲದಲ್ಲಿತ್ತು. 5 ಮಿ.ಲೀ. ದ್ರವದಲ್ಲಿ 5 ಮಿ.ಗ್ರಾಂ ಔಷಧ, ಅವಳಿಗೆ ಹೇಳಿದ್ದುದು 2.5 ಮಿ.ಲೀ. ಮಾತ್ರ. ಅಳತೆಯ ಮುಚ್ಚಳ ಕಳೆದುಹೋಗಿತ್ತು. ಅರ್ಧ ಚಮಚ ತಾನೇ ಎಂದುಕೊಂಡು ಅಡುಗೆಮನೆಯ ಚಮಚವನ್ನು ತಂದೆ. ಮಗು ಕೊಸರಾಡಿದಾಗ ಅರ್ಧವು ಮುಕ್ಕಾಲಾಯಿತು. ಚೆಲ್ಲಿರಬಹುದೆಂದು ಮತ್ತೆ ಸ್ವಲ್ಪ ಕುಡಿಸಿದೆ. ರಾತ್ರಿ ಮೂಗು ಕಟ್ಟಿದಾಗ ಮನೆಯಲ್ಲೇ ಇದ್ದ, ದೊಡ್ಡ ಹುಡುಗನಿಗೆಂದು ತಂದಿದ್ದ ಶೀತದ ಸಿರಪ್ಪನ್ನೂ ಕೊಟ್ಟೆ. ಅಲರ್ಜಿಗೊಂದು, ಶೀತಕ್ಕೊಂದು, ಎರಡೂ ಬೇರೆ ಬೇರೆ ಎಂಬುದು ನನ್ನ ತಿಳಿವಳಿಕೆ.

ಮಗು ಬೇಗನೆ ನಿದ್ರಿಸಿತು. ಔಷಧ ನಾಟಿತೆಂದು ನಾನು ಸಮಾಧಾನಪಟ್ಟೆ. ನಡುರಾತ್ರಿ ಮೈ ಮುಟ್ಟಿ ಕರೆದರೆ ಕಣ್ಣು ತೆರೆಯಲಿಲ್ಲ. ಅಲುಗಾಡಿಸಿದರೆ ಒಮ್ಮೆ ನರಳಿ ಮತ್ತೆ ಮಂಪರಿಗೆ ಜಾರಿತು. ತಮ್ಮ ಗಾಡಿ ಹೊರಡಿಸಿದ. ಆ ಕತ್ತಲ ರಸ್ತೆಯುದ್ದಕ್ಕೂ ಮಗುವಿನ ಉಸಿರನ್ನು ನನ್ನ ಕೆನ್ನೆಗೆ ತಾಗಿಸಿಕೊಂಡು ಎಣಿಸುತ್ತ ಕುಳಿತಿದ್ದೆ.

ಕರ್ತವ್ಯದಲ್ಲಿದ್ದ ವೈದ್ಯೆ ನನ್ನನ್ನು ಗದರಲಿಲ್ಲ. ಎರಡು ಬಾಟಲಿಗಳನ್ನೂ ತಂದಿದ್ದೀರಾ ಎಂದು ಕೇಳಿದರು. ಬಳಿಕ, ಯಾವ ಚಮಚ ಎಂದರು. ಶೀತದ ಸಿರಪ್ಪಿನ ಮೇಲಿನ ಸಣ್ಣ ಅಕ್ಷರಗಳಲ್ಲಿ ಕ್ಲೋರ್‌ಫೆನಿರಮಿನ್ ಎಂದಿತ್ತು. ಅದೂ ಸೆಟಿರಿಜಿನ್‌ನಂತೆ ಅಲರ್ಜಿ ತಗ್ಗಿಸುವ ವರ್ಗಕ್ಕೇ ಸೇರಿದ್ದು. ನಿದ್ರೆಯನ್ನು ತರುವುದರಲ್ಲಿ ಅದಕ್ಕಿಂತಲೂ ಹೆಚ್ಚಿನದು. ಒಂದೇ ಬಗೆಯ ಮದ್ದನ್ನು ಎರಡು ಹೆಸರಿನಲ್ಲಿ ನಾನು ಕುಡಿಸಿದ್ದೆ. ಬೆಳಗಿನವರೆಗೆ ಮಗುವನ್ನು ಕಣ್ಗಾವಲಿನಲ್ಲಿಟ್ಟರು. ಎಂಟು ಗಂಟೆಗೆ ಅವಳು ಎದ್ದು ಹಾಲು ಬೇಕೆಂದಳು. ಆ ಕ್ಷಣವನ್ನು ವರ್ಣಿಸುವ ಶಕ್ತಿ ನನಗಿಲ್ಲ.

ಮನೆಗೆ ಮರಳಿ ಆ ಚಮಚಕ್ಕೆ ನೀರು ತುಂಬಿ, ಸೂಜಿಯಿಲ್ಲದ ಸಿರಿಂಜಿನಲ್ಲಿ ಅಳೆದು ನೋಡಿದೆ. ಏಳು ಮಿ.ಲೀ. ಹಿಡಿಯಿತು! ಗ್ರೀಸ್ ದೇಶದಲ್ಲಿ ಮನೆಮನೆಯ ಚಹಾ ಚಮಚಗಳನ್ನು ಅಳೆದು 2010ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿಯೂ ಅವು 2.5ರಿಂದ 7.3 ಮಿ.ಲೀ.ವರೆಗೆ ವ್ಯತ್ಯಾಸಗೊಂಡಿದ್ದವು. ಔಷಧದ ಅಂಗಡಿಯಲ್ಲಿ ಸಿಗುವ ಗುರುತುಳ್ಳ ಸಿರಿಂಜಿಗೆ ಕೆಲವೇ ರೂಪಾಯಿ. ಹನಿಯ ರೂಪದ ಔಷಧವಂತೂ ಸಿರಪ್ಪಿಗಿಂತ ಗಾಢವಾಗಿರಬಹುದಾದ್ದರಿಂದ ಒಂದರ ಅಳತೆಯನ್ನು ಇನ್ನೊಂದಕ್ಕೆ ಬಳಸುವುದು ಸಲ್ಲದು. ಪ್ರಮಾಣವನ್ನು ವೈದ್ಯರು ನಿರ್ಧರಿಸುವುದು ಆ ಮಗುವಿನ ವಯಸ್ಸು, ತೂಕ ನೋಡಿ. ಅಣ್ಣನ ಬಾಟಲಿ ತಂಗಿಯದಾಗದು.

ಕ್ಲೋರ್‌ಫೆನಿರಮಿನ್ ಮತ್ತು ಫಿನೈಲೆಫ್ರಿನ್ ಕೂಡಿದ ಔಷಧವನ್ನು ನಾಲ್ಕು ವರ್ಷದೊಳಗಿನ ಮಕ್ಕಳಿಗೆ ಕೊಡಕೂಡದೆಂದು ಬಾಟಲಿಯ ಮೇಲೆ ಮುದ್ರಿಸುವಂತೆ ಕೇಂದ್ರ ಔಷಧ ನಿಯಂತ್ರಣ ಸಂಸ್ಥೆ 2023ರ ಡಿಸೆಂಬರಿನಲ್ಲಿ ಸೂಚಿಸಿತು. 2025ರಲ್ಲಿ ಮಧ್ಯಪ್ರದೇಶದ ಛಿಂದ್ವಾಡದಲ್ಲಿ ಕೋಲ್ಡ್ರಿಫ್ ಎಂಬ ಸಿರಪ್ ಕುಡಿದ ಇಪ್ಪತ್ತಕ್ಕೂ ಹೆಚ್ಚು ಮಕ್ಕಳು ಅಸುನೀಗಿದ್ದನ್ನು ತಾವು ಮರೆತಿರಲಾರಿರಿ. ಅಲ್ಲಿ ತಾಯಂದಿರ ಅಳತೆ ತಪ್ಪಿರಲಿಲ್ಲ; ಡೈಇಥಿಲೀನ್ ಗ್ಲೈಕಾಲ್ ಎಂಬ ವಿಷವೇ ಬಾಟಲಿಯಲ್ಲಿತ್ತು. ಅದೇ ಅಕ್ಟೋಬರಿನಲ್ಲಿ ಕೇಂದ್ರ ಆರೋಗ್ಯ ಇಲಾಖೆಯು ಎರಡು ವರ್ಷದೊಳಗಿನ ಮಕ್ಕಳಿಗೆ ಕೆಮ್ಮು ಶೀತದ ಔಷಧ ಬರೆಯಬಾರದೆಂದೂ, ಐದು ವರ್ಷದೊಳಗಿನವರಿಗೆ ಸಾಮಾನ್ಯವಾಗಿ ಅವು ಯೋಗ್ಯವಲ್ಲವೆಂದೂ ತಿಳಿಸಿತು. ಅಂದಿನಿಂದ ನಾನು ರಸೀದಿಯನ್ನೂ ಬಾಟಲಿಯ ಬ್ಯಾಚ್ ಸಂಖ್ಯೆಯನ್ನೂ ಕಾಪಾಡಿಕೊಳ್ಳುತ್ತೇನೆ. ಮಗ ನಗುತ್ತಾನೆ, ನಗಲಿ.

ಇನ್ನೊಂದು ಮಾತು. ಮಾಂಟೆಲುಕಾಸ್ಟ್ ಬೆರೆತ ಮದ್ದನ್ನು ವೈದ್ಯರು ಬರೆದಿದ್ದರೆ ಮಗುವಿಗೆ ಕೆಟ್ಟ ಕನಸು, ಹಠಾತ್ ಸಿಡುಕು, ಖಿನ್ನತೆ ಕಾಣುವುದೇ ಎಂದು ಗಮನಿಸಿ, ಕಂಡರೆ ಕೂಡಲೇ ಅವರಿಗೆ ತಿಳಿಸಿರಿ. ಅಮೆರಿಕದ ಔಷಧ ಇಲಾಖೆ 2020ರಲ್ಲಿ ಈ ಕುರಿತು ಗಂಭೀರ ಎಚ್ಚರಿಕೆ ನೀಡಿದೆ. ಶೇಂಗಾ ತಿಂದೋ, ಹುಳು ಕಚ್ಚಿಯೋ ತುಟಿ ಬಾತು, ಉಸಿರು ಕಟ್ಟಿ, ಮೇಲಿಂದ ಮೇಲೆ ವಾಂತಿಯಾದರೆ ಸಿರಪ್ ಹುಡುಕುತ್ತ ಕೂರಬೇಡಿರಿ. ಆಗ ಬೇಕಾದುದು ಅಡ್ರಿನಲಿನ್ ಚುಚ್ಚುಮದ್ದು. 108ಕ್ಕೆ ಕರೆ ಮಾಡಿ ಆಸ್ಪತ್ರೆಗೆ ಧಾವಿಸಬೇಕು.

ಮೊಮ್ಮಗಳು ಈಗ ಶಾಲೆಗೆ ಹೋಗುತ್ತಾಳೆ. ಕಾಯಿ ಬಿಡಿಸುವ ದಿನಗಳಲ್ಲಿ ಅವಳನ್ನು ಕಣದಿಂದ ದೂರವಿರಿಸುತ್ತೇವೆ, ಕಂಬಳಿಯನ್ನು ಮೊದಲೇ ಕೊಡವಿ ಬಿಸಿಲಿಗೆ ಹಾಕುತ್ತೇವೆ. ಬಾಟಲಿ ತೆರೆದ ದಿನಾಂಕ, ಮಗುವಿನ ಹೆಸರು, ಕೊಟ್ಟ ಹೊತ್ತು ಇಷ್ಟನ್ನೂ ಸೊಸೆ ಚೀಟಿಯಲ್ಲಿ ಬರೆದು ಅಂಟಿಸುತ್ತಾಳೆ, ಒಬ್ಬರು ಕೊಟ್ಟುದನ್ನು ಇನ್ನೊಬ್ಬರು ಮತ್ತೆ ಕೊಡದಿರಲೆಂದು. ಆ ಏಳು ಮಿ.ಲೀ. ಚಮಚವನ್ನು ತಮ್ಮನ ಹೆಂಡತಿ ಉಪ್ಪಿನಕಾಯಿ ಜಾಡಿಗೆ ಹಾಕಿಟ್ಟಿದ್ದಾಳೆ.